ಪ್ಲಾನ್ ಇಲ್ಲದ ಗಡ್ಡೆಗೆ ಲೈನ್ ಕೊಟ್ಟವನು

ಬೆಂಗಳೂರಿನ ವಿಜಯನಗರದ ಮಾರುತಿ ಮಂದಿರದ ಹತ್ತಿರದ ದರ್ಶಿನಿಯೊಂದರಲ್ಲಿ ಬೈಟು ಕಾಫಿ ಹಿಡಿದು ನಿಂತಿದ್ದ ಈ ಆಸಾಮಿಯ ಹೆಸರು ವಿಇಜಿಎಫ್. ಜಾತಿಯಲ್ಲಿ ಜೀನ್, ಕಸುಬು ರಕ್ತನಾಳ ಬೆಳೆಸುವುದು. ಕ್ಯಾನ್ಸರ್ ಗಡ್ಡೆಗಳಿಗೆ ಕಳ್ಳ ಕನೆಕ್ಷನ್ ಕೊಟ್ಟ ಆರೋಪ ಇವನ ಮೇಲಿದೆ.

ವಿಳಾಸ?

6ನೇ ಕ್ರೋಮೋಸೋಮ್, ಗಿಡ್ಡ ತೋಳು. ನಿಮ್ಮ ಏರಿಯಾ ಥರ ಮೇನು-ಕ್ರಾಸು ಅಂತ ಸುತ್ತಿಸಲ್ಲ.

ಆರೋಪ ಒಪ್ತೀರಾ?

ಸ್ವಾಮಿ, ತಾಯಿ ಹೊಟ್ಟೆಯಲ್ಲಿದ್ದಾಗ ನಿಮಗೆ ನಾಳ ಎಳೆದವನೇ ನಾನು. ಮಂಡಿ ತರಚಿಕೊಂಡಾಗ ಗಾಯಕ್ಕೆ ರಕ್ತ ಹರಿಸಿದವನೂ ನಾನೇ. 'ಆಕ್ಸಿಜನ್ ಸಾಲ್ತಿಲ್ಲ' ಅಂತ ಕಂಪ್ಲೇಂಟ್ ಬಂದರೆ ಲೈನ್ ಎಳೀತೀನಿ. ಪ್ಲಾನ್ ಸ್ಯಾಂಕ್ಷನ್ ಆಗಿದೆಯಾ ಅಂತ ನೋಡೋದು ನನ್ನ ಡ್ಯೂಟಿ ಅಲ್ಲ.

ಮತ್ಯಾರದು?

ಪಿ53 ಸಾಹೇಬರದು. ಡಿಎನ್‌ಎ ಕೆಟ್ಟ ಕೋಶ ಇಬ್ಭಾಗ ಆಗದಂತೆ ತಡೀಬೇಕು, ರಿಪೇರಿ ಆಗದಿದ್ದರೆ ಕೆಡವಬೇಕು. ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಸಾಹೇಬರೇ ಕೆಟ್ಟಿರ್ತಾರೆ! ಆ ಕಡೆ ರಾಸ್ ಅನ್ನೋ ಜೀನ್‌ನ ಸ್ವಿಚ್ಚು ಆನ್‌ನಲ್ಲೇ ಸಿಕ್ಕಿಕೊಂಡರೆ ಮಹಡಿ ಮೇಲೆ ಮಹಡಿ ಏಳ್ತಾನೇ ಇರುತ್ತೆ.

ಈ ಗಡ್ಡೆಯೋರು ಪಕ್ಕದ ಸೈಟಿಗೂ ನುಗ್ತಾರಲ್ಲ?

ಅದಕ್ಕೆ ಬೇರೆ ಗ್ಯಾಂಗಿದೆ. ಇ-ಕ್ಯಾಡ್ಹೆರಿನ್ ಜೀನ್ ಕೆಲಸ ನಿಲ್ಲಿಸಿದರೆ ಕೋಶಗಳ ನಡುವಿನ ಹಿಡಿತ ಸಡಿಲ. ಎಂಎಂಪಿ ಕಿಣ್ವಗಳು ಕಾಂಪೌಂಡನ್ನೇ ಕರಗಿಸಿಬಿಡ್ತವೆ. ಆಮೇಲೆ ರಕ್ತದ ಜತೆ ಹೊರಟು ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಸೈಟು ಹಿಡೀತಾರೆ.

ರಕ್ತದ ಜತೆ ಅಂದರೆ, ನಿಮ್ಮ ಲೈನಿನಲ್ಲೇ?

(ಕಾಫಿ ಲೋಟದೊಳಗೆ ನೋಡುತ್ತ) ಅರ್ಜೆಂಟ್ ಕೆಲಸ ಸಾರ್. ಅಂಕುಡೊಂಕು, ಎಲ್ಲೆಂದರಲ್ಲಿ ಸೋರಿಕೆ. ನುಸುಳೋರಿಗೆ ಅನುಕೂಲ ಆಯ್ತು.

(ತೋಡಿ ಮುಚ್ಚಿದ ರಸ್ತೆಗಳ ಊರಿನವರಾದ ನಾವು ಈ ಉತ್ತರಕ್ಕೆ ಬೆಚ್ಚಲಿಲ್ಲ.)

ಕನೆಕ್ಷನ್ ಕಟ್ ಮಾಡಿದರೆ?

ಹೊಸ ರಕ್ತನಾಳ ಸಿಗದಿದ್ದರೆ ಗಡ್ಡೆ ಎರಡು-ಮೂರು ಮಿಲಿಮೀಟರ್ ದಾಟಲ್ಲ ಅಂತ ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲೇ ಹೇಳಿದ್ದರು. ತುಂಬ ಜನ ನಂಬಲಿಲ್ಲ. ನನ್ನ ಪ್ರೋಟೀನನ್ನ ಹಿಡಿದುಹಾಕೋ ಬೆವಾಸಿಝುಮ್ಯಾಬ್ ಔಷಧಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 2004ರಲ್ಲಿ. ಕೀಮೋ ಜತೆ ಕೊಟ್ಟರೆ ಕೆಲವು ಗಡ್ಡೆ ಒಂದಷ್ಟು ಕಾಲ ಸೊರಗ್ತವೆ. ಆಮೇಲೆ ಇನ್ನೊಬ್ಬನನ್ನ ಹಿಡಿದು ಲೈನ್ ಹಾಕಿಸ್ಕೊಳ್ತವೆ. ಈ ಕೆಲಸ ಬಲ್ಲೋನು ನಾನೊಬ್ಬನೇ ಅಲ್ಲವಲ್ಲ!

ಓದುಗರಿಗೆ ಏನಾದರೂ?

ನೋವಿಲ್ಲ ಅಂತ ಗಂಟನ್ನ ಅಸಡ್ಡೆ ಮಾಡಬೇಡಿ. ಶುರುವಿನಲ್ಲಿ ಎಷ್ಟೋ ಗಡ್ಡೆ ನೋಯೋದೇ ಇಲ್ಲ. ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಆಸ್ಪತ್ರೆ 1973ರಿಂದ ಇದೆ. ನನ್ನ ಲೈನು ಉದ್ದ ಆಗೋ ಮುಂಚೆ ಹೋಗಿ ತೋರಿಸಿ.