ಅಪ್ಪನ ಹೆಸರೂ ಆ ಸಾಲದಲ್ಲಿದೆ

ಎಜುಕೇಶನ್ ಲೋನ್ ತೆಗೆದು ಓದಿ, ಈಗ ಕೆಲಸಕ್ಕೆ ಸೇರಿರುವ ಮಕ್ಕಳೇ,

ಸಾಲವನ್ನು ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸಿಕೊಳ್ಳಲು ಓಡಾಡುತ್ತಿದ್ದೀರಿ. ಅಗತ್ಯವಾಗಿ ಓಡಾಡಿ. ಹತ್ತು ಲಕ್ಷ ಬಾಕಿ, ಹತ್ತು ವರ್ಷದ ಅವಧಿ ಎಂದಿಟ್ಟುಕೊಳ್ಳಿ. ಶೇ. 13ರ ಬಡ್ಡಿಗೆ ಕಂತು ಸುಮಾರು 14,930 ರೂಪಾಯಿ, ಶೇ. 10ಕ್ಕೆ ಇಳಿದರೆ 13,215. ಸಾಲ ತೀರುವಷ್ಟರಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಉಳಿಯುತ್ತದೆ. ಬಡ್ಡಿದರ ಬದಲಾಗುವಂಥ ಸಾಲವಾದರೆ, ಅವಧಿಗೆ ಮುಂಚೆ ತೀರಿಸಿದ್ದಕ್ಕೆ ಬ್ಯಾಂಕು ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ.

ನನ್ನ ಚಿಂತೆ ಬಡ್ಡಿಯದಲ್ಲ, ಎರಡು ಬ್ಯಾಂಕುಗಳ ನಡುವಿನ ಆ ಕೆಲವು ವಾರಗಳದ್ದು. ಹೊಸ ಬ್ಯಾಂಕಿನಿಂದ ಮಂಜೂರಾತಿ ಪತ್ರ ಕೈಗೆ ಬರುತ್ತದೆ. ಇನ್ನು ಹಳೆಯ ಕಂತು ಅವರ ಪಾಲಿಗೆ ಎಂದುಕೊಂಡು ನೀವು ಖಾತೆಯಲ್ಲಿ ದುಡ್ಡಿಡುವುದಿಲ್ಲ. ಹೊಸ ಬ್ಯಾಂಕಿನ ಹಣ ಹಳೆಯ ಖಾತೆಗೆ ಸೇರುವ ಮೊದಲೇ ಕಂತಿನ ದಿನ ಬಂದುಬಿಡುತ್ತದೆ, ಕಂತು ಬೌನ್ಸ್ ಆಗುತ್ತದೆ. ಸಿಬಿಲ್ ವರದಿ ತೆರೆದು ನೋಡಿ: ಪ್ರತಿ ಸಾಲದ ಕೆಳಗೆ ತಿಂಗಳಿಗೊಂದರಂತೆ ಸಣ್ಣ ಚೌಕಗಳು, ಒಳಗೆ 000. ಕಂತು ತಪ್ಪಿದ ತಿಂಗಳಲ್ಲಿ ಆ ಸೊನ್ನೆಗಳ ಜಾಗಕ್ಕೆ ತಡವಾದ ದಿನಗಳ ಲೆಕ್ಕ ಬಂದು ಕೂರುತ್ತದೆ. ಮರುವಾರವೇ ಕಟ್ಟಿದರೂ ಆ ತಿಂಗಳ ಗುರುತು ವರ್ಷಗಟ್ಟಲೆ ಉಳಿಯಬಹುದು.

ಆ ಗುರುತು ನಿಮ್ಮೊಬ್ಬರದಲ್ಲ. ಎಜುಕೇಶನ್ ಲೋನಿಗೆ ಸಾಮಾನ್ಯವಾಗಿ ಅಪ್ಪನೋ ಅಮ್ಮನೋ ಸಹ-ಸಾಲಗಾರರು. ಬ್ಯಾಡಗಿಯ ಕಡೆ ಮೆಣಸಿನಕಾಯಿ ಬೆಳೆಯುವ ಅಪ್ಪ ಮುಂದಿನ ಮುಂಗಾರಿಗೆ ಬೆಳೆ ಸಾಲ ಕೇಳಲು ಹೋದಾಗ, ಮ್ಯಾನೇಜರ್ ಪರದೆಯಲ್ಲಿ ನೋಡುವುದು ನಿಮ್ಮ ಆ ತಪ್ಪಿದ ಕಂತನ್ನು. ಏನಾಯಿತೆಂದು ಅಪ್ಪನಿಗೆ ಗೊತ್ತೇ ಇರುವುದಿಲ್ಲ. ಇದು ನನಗೆ ಸಹಿಸಲಾಗದ ಅನ್ಯಾಯ. ಆದ್ದರಿಂದ ಹಳೆಯ ಖಾತೆಯಲ್ಲಿ ಬಾಕಿ ಸೊನ್ನೆಯಾದದ್ದನ್ನು ಕಣ್ಣಾರೆ ನೋಡುವವರೆಗೆ ಕಂತು ಕಟ್ಟುತ್ತಲೇ ಇರಿ. ಹೆಚ್ಚಾಗಿ ಕಟ್ಟಿದ್ದನ್ನು ವಾಪಸ್ ಕೇಳಿ ಪಡೆಯಬಹುದು.

ಬ್ಯಾಂಕ್ ಕೆಲಸಕ್ಕೆ ಪರೀಕ್ಷೆ ಬರೆಯುತ್ತಿರುವವರು ಇನ್ನಷ್ಟು ಎಚ್ಚರವಾಗಿರಿ. ಸಾಲ ಮರುಪಾವತಿಯ ಇತಿಹಾಸ ಸರಿಯಿಲ್ಲವೆಂದು ಸ್ಟೇಟ್ ಬ್ಯಾಂಕ್ ಒಬ್ಬ ಅಭ್ಯರ್ಥಿಯ ನೇಮಕಾತಿ ರದ್ದು ಮಾಡಿದ್ದನ್ನು ಮದ್ರಾಸ್ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ.

ಒಂದೇ ತಿಂಗಳಲ್ಲಿ ಐದಾರು ಕಡೆ ಅರ್ಜಿ ಹಾಕಬೇಡಿ. ಅರ್ಜಿ ಬಂದಾಗಲೆಲ್ಲ ಆ ಬ್ಯಾಂಕು ನಿಮ್ಮ ವರದಿ ತರಿಸುತ್ತದೆ, ಅದು ದಾಖಲಾಗುತ್ತದೆ, ಸಿಬಿಲ್ ಅಂಕ ಇಳಿಯಬಹುದು. ಮೊದಲು ಬಾಯಿಮಾತಿನಲ್ಲಿ ಬಡ್ಡಿದರ ಕೇಳಿ, ಒಂದೆರಡನ್ನು ಆರಿಸಿ, ಆಮೇಲೆ ಅರ್ಜಿ. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಅಂಕ ಇಳಿಯದು. ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತ. ಅಪ್ಪನದನ್ನೂ ತೆಗೆಸಿ ನೋಡಿ.

ಫೋನ್ ಮಾಡಿ ಪರ್ಸನಲ್ ಲೋನ್ ಕೊಡುತ್ತೇವೆ, ಹಳೆಯದನ್ನು ತೀರಿಸಿಬಿಡಿ ಎನ್ನುವವರನ್ನು ನಂಬಬೇಡಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷ ಸಿಗುವ ವಿನಾಯಿತಿ ಪರ್ಸನಲ್ ಲೋನಿಗೆ ಸಿಗದು. ‘ಸೆಟ್ಲ್‌ಮೆಂಟ್ ಮಾಡಿಕೊಳ್ಳಿ, ಅರ್ಧ ಕಟ್ಟಿ’ ಎನ್ನುವ ಮಾತಂತೂ ಇನ್ನೂ ಅಪಾಯ. ವರದಿಯಲ್ಲಿ ‘ಕ್ಲೋಸ್ಡ್’ ಎಂದಿರಬೇಕಾದಲ್ಲಿ ‘ಸೆಟಲ್ಡ್’ ಎಂದು ಬಿದ್ದರೆ, ಸಾಲ ಪೂರ್ತಿ ತೀರಿಸಲಿಲ್ಲ ಎಂದೇ ಮುಂದಿನ ಬ್ಯಾಂಕು ಓದಿಕೊಳ್ಳುತ್ತದೆ.

ವರ್ಗಾವಣೆ ಮುಗಿದ ಮೇಲೆ ಹಳೆಯ ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ. ಎರಡು ತಿಂಗಳಾದರೂ ವರದಿಯಲ್ಲಿ ಹಳೆಯ ಸಾಲ ಜೀವಂತವಾಗಿದ್ದರೆ ಆ ಪತ್ರ ಲಗತ್ತಿಸಿ ಸಿಬಿಲ್‌ಗೆ ದೂರು ಕೊಡಿ. ಮೂವತ್ತು ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ನೂರು ರೂಪಾಯಿ ಪರಿಹಾರ ನಿಮ್ಮ ಹಕ್ಕು. ಸಂಕೋಚ ಬಿಟ್ಟು ಕೇಳಿ.

ಇತಿ,
ನಿವೃತ್ತ ಬ್ಯಾಂಕ್ ಸಾಲಾಧಿಕಾರಿ