ಕೇಳಿಸ್ತಾ, ಆ ಸದ್ದು?

ಮುಂಬಯಿಯಲ್ಲಿ ಕಾರಿನ ಚಕ್ರದ ಕಡೆಯಿಂದ ಗರಗರ ಬಂತೋ, ಒಳಗೆ ಕೂತವರೆಲ್ಲ ತಜ್ಞರೇ. ಮುಂದೆ ಕೂತ ಭಾವ ‘ಬ್ರೇಕು’ ಅಂತಾನೆ. ಹಿಂದಿನಿಂದ ಅತ್ತಿಗೆ ‘ಅಲ್ಲ, ಟೈರು’ ಅಂತಾರೆ. ಡೊಂಬಿವಲಿಯಲ್ಲಿ ಹತ್ತಿದ ಮಾವ ಕಣ್ಣು ಮುಚ್ಚಿಕೊಂಡೇ ‘ಎಂಜಿನ್ ಇಳಿಸ್ಬೇಕು ಕಣಯ್ಯಾ’ ಎಂದು ತೀರ್ಪು ಕೊಟ್ಟು ನಿದ್ದೆ ಮುಂದುವರಿಸುತ್ತಾರೆ.

ಪದ್ಮಿನಿಯ ಕಾಲದಲ್ಲಿ ಈ ರಗಳೆ ಇರಲಿಲ್ಲ. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿ, ಕಪ್ಪು-ಹಳದಿ ಬಳಿದುಕೊಂಡು ಊರನ್ನೆಲ್ಲ ಹೊತ್ತ ಆ ಟ್ಯಾಕ್ಸಿಯಲ್ಲಿ ಬಾಗಿಲು, ಸೀಟು, ಗೇರು ಒಟ್ಟಿಗೇ ಮಾತಾಡುತ್ತಿದ್ದಾಗ ಪಾಪ, ಬ್ರೇಕ್ ಡ್ರಮ್ಮಿನ ಗೋಳನ್ನು ಯಾರು ಕೇಳಬೇಕು? 2023ರ ಅಕ್ಟೋಬರ್ 30ಕ್ಕೆ ಅದರ ಓಡಾಟ ಮುಗಿಯಿತು. ಈಗಿನ ಕಾರಿನಲ್ಲಿ ಗಾಜು ಏರಿಸಿದರೆ ಒಳಗೆ ಮೌನ. ಸಣ್ಣ ಕಿರಿಕ್ಕಿಗೂ ಎದೆ ಧಸಕ್ಕೆನ್ನುತ್ತದೆ.

ಬ್ರೇಕಿನ ಸದ್ದು ಕಲಿಯಬೇಕೇ, ಇದೇ ಊರಿಗೆ ಬನ್ನಿ. ಘಾಟ್‌ಕೋಪರ್‌ನಿಂದ ಸಯನ್‌ವರೆಗೆ ಕಾಲು ಪೆಡಲಿನ ಮೇಲೇ ಸಂಸಾರ ಹೂಡಿರುತ್ತದೆ. ಮಳೆಗಾಲದ ಬೆಳಿಗ್ಗೆ ಖರಖರ ಎಂದು, ನಾಲ್ಕಾರು ಸಲ ಬ್ರೇಕ್ ಒತ್ತುವಷ್ಟರಲ್ಲಿ ನಿಂತಿತೇ? ರಾತ್ರಿ ಡಿಸ್ಕಿಗೆ ಕೂತ ತುಕ್ಕು, ಗಾಬರಿ ಬೇಡ. ಒತ್ತಿದಾಗಲೆಲ್ಲ ಚೀಂ ಎಂದರೆ, ಪ್ಯಾಡ್ ಸವೆಯಿತೆಂದು ಚಾಡಿ ಹೇಳಲಿಕ್ಕೆಂದೇ ಇಟ್ಟ ಸಣ್ಣ ತಗಡು ಡಿಸ್ಕಿಗೆ ತಾಗುತ್ತಿರಬಹುದು. ‘ಗಣಪತಿ ಮುಗೀಲಿ, ನೋಡೋಣ’ ಎಂದು ಮುಂದೂಡುವ ಮಹನೀಯರಿಗೆ ಆಮೇಲೆ ಗರ್ರ್ ಗರ್ರ್ ಕೇಳಿಸುತ್ತದೆ. ಪ್ಯಾಡ್ ಮುಗಿದು ಲೋಹ ಲೋಹವನ್ನು ತಿನ್ನುತ್ತಿದೆ. ಆಗ ಡಿಸ್ಕಿಗೂ ದುಡ್ಡು ತೆರಬೇಕು, ಅದಕ್ಕೂ ಮೊದಲು ಗಾಡಿ ನಿಲ್ಲಬೇಕು! ಬ್ರೇಕ್ ಒತ್ತದೆಯೂ ಕಿರುಚುತ್ತಿದ್ದರೆ ಹೊಂಡದಿಂದ ಹಾರಿದ ಜಲ್ಲಿ ಡಿಸ್ಕಿಗೂ ಅದರ ಹಿಂಬದಿಯ ತಗಡಿಗೂ ನಡುವೆ ಸಿಕ್ಕಿಕೊಂಡಿರುವುದೂ ಉಂಟು. ಹೊಂಡ ಊರಿನದು, ಜಲ್ಲಿ ನಿಮ್ಮದು.

ಬೇರಿಂಗ್ ಮಾತ್ರ ಮಹಾ ಕಿಲಾಡಿ. ಹಿಂದಮಾತಾದ ಮಳೆನೀರಿನಲ್ಲಿ ಈಜಿಬಂದ ಗಾಡಿಯ ಬೇರಿಂಗಿಗೆ ನೀರು ನುಗ್ಗಿ ಗ್ರೀಸು ಕೆಟ್ಟರೆ, ಎಷ್ಟೋ ದಿನದ ಮೇಲೆ ಹೂಂ ಎನ್ನಲು ಶುರು. ವೇಗ ಏರಿದಷ್ಟೂ ಸದ್ದು ಏರುತ್ತದೆ. ಬಲಕ್ಕೆ ತಿರುಗುವಾಗ ಜೋರಾದರೆ ಭಾರ ಎಡಕ್ಕೆ ಬಿದ್ದಿದೆ, ಸಂಶಯ ಎಡಚಕ್ರದ ಮೇಲೆ. ಸರಿ ಸ್ವಾಮೀ, ವೇಗ ಏರಿಸುವುದೆಲ್ಲಿ? ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಟ್ರಯಲ್‌ಗೆಂದು ಹೊರಟ ಮಿಸ್ತ್ರಿ ಟೆಂಪೋ ಹಿಂದೆ ತೆವಳಿ ಬಂದು ‘ಕುಛ್ ನಹೀಂ ಹೈ, ಸಾಬ್’ ಅಂತಾನೆ. ಅವನ ಮಾತು ಸುಳ್ಳಲ್ಲ, ಆ ವೇಗಕ್ಕೆ ಬೇರಿಂಗ್ ಬಾಯಿಯೇ ಬಿಡುವುದಿಲ್ಲ.

ಇನ್ನುಳಿದದ್ದು ಶಿವಡಿಯಿಂದ ಸಮುದ್ರ ದಾಟುವ ಅಟಲ್ ಸೇತು. 2024ರಲ್ಲಿ ತೆರೆದಾಗ ಕಾರಿಗೆ ಒಂದು ಕಡೆಯ ಟೋಲು 250 ರೂಪಾಯಿ. ಡಾಕ್ಟರ ಫೀಸೆಂದುಕೊಂಡು ಕೊಡಬಹುದು. ಆದರೆ ಸದ್ದು ಕೇಳಲೆಂದು ಗಾಜು ಇಳಿಸಿದರೆ ಸಮುದ್ರದ ಗಾಳಿಯ ಅಬ್ಬರ. ನಡುವೆ ತಿರುಗಿಸುವಂತೆಯೂ ಇಲ್ಲ. ಹಿಂದಿರುಗಲು ಮತ್ತೆ ಟೋಲು.

ಅಗ್ಗದ ದಾರಿ ಜ್ಯಾಕ್. ಚಕ್ರ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ, ಕೈಯಲ್ಲೇ ತಿರುಗಿಸಿ. ಬೇರಿಂಗ್ ಕೆಟ್ಟಿದ್ದರೆ ಗರಗರ ಬೆರಳಿಗೇ ಸಿಗುತ್ತದೆ. ಸೊಸೈಟಿಯ ಪಾರ್ಕಿಂಗಿನಲ್ಲಿ ಈ ಸಾಹಸಕ್ಕಿಳಿದರೆ ವಾಚ್‌ಮನ್, ಸೆಕ್ರೆಟರಿ, ಹಾಲಿನವನು ಸುತ್ತ ನಿಂತು ಮೂರು ಹೊಸ ರೋಗ ಹೇಳುತ್ತಾರೆ. ಕೇಳಿಸಿಕೊಳ್ಳಿ, ಬೇಸರ ಮಾಡಬೇಡಿ. ರಿಪೇರಿಯಾಗುವ ತನಕ 8:12ರ ಲೋಕಲ್ ಹತ್ತಿ. ಅದರ ಚಕ್ರ ಏನೇ ಅರಚಿದರೂ ಮೋಟರ್‌ಮನ್ ಉಂಟು, ರೈಲ್ವೆ ಉಂಟು. ನೀವು ಕಿಟಕಿ ಸೀಟು ಹಿಡಿಯಿರಿ.