ಕಂಡವರ ಮಕ್ಕಳ ಝಿಪ್ಪು

ಇಂಗ್ಲೆಂಡಿನ ಪ್ರೈಮರಿ ಸ್ಕೂಲುಗಳು ಮಧ್ಯಾಹ್ನ ಮೂರೂಕಾಲರ ಆಸುಪಾಸಿನಲ್ಲಿ ಬಿಡುತ್ತವೆ. ಈ ಸುದ್ದಿ ಇಲ್ಲಿನ ಆಫೀಸುಗಳ ಕಿವಿಗೆ ಇನ್ನೂ ಬಿದ್ದಿಲ್ಲ. ಅವು ತಮ್ಮ ಪಾಡಿಗೆ ಐದೂವರೆಯವರೆಗೆ ನಡೆಯುತ್ತವೆ. ನಡುವಿನ ಎರಡು ಚಿಲ್ಲರೆ ಗಂಟೆ ಮಗುವನ್ನು ಎಲ್ಲಿಡುವುದು ಎಂಬ ಲೆಕ್ಕ ಬಿಡಿಸುವುದರಲ್ಲೇ ಇಲ್ಲಿಯ ಅಮ್ಮಂದಿರ ಅರ್ಧ ಆಯಸ್ಸು ಸವೆಯುತ್ತದೆ. ಊರಿನಲ್ಲಾದರೆ ಅಜ್ಜಿ ಇರುತ್ತಾರೆ. ಅಜ್ಜಿ ಇಲ್ಲದಿದ್ದರೆ ಎದುರು ಮನೆಯ ಆಂಟಿ, ಅವರೂ ಊರಲ್ಲಿಲ್ಲದಿದ್ದರೆ ಮೂಲೆ ಅಂಗಡಿಯ ಶೆಟ್ಟರು. ನಮ್ಮ ರೆಡಿಂಗ್‌ನಲ್ಲಿ ಇರುವುದು ಆಫ್ಟರ್ ಸ್ಕೂಲ್ ಕ್ಲಬ್ಬು. ಅದಕ್ಕೆ ಫೀಸು ಕಟ್ಟಿದ ಮೇಲೆ ಸಂಬಳದಲ್ಲಿ ಉಳಿಯುವುದು ಬಸ್ ಚಾರ್ಜು. ಅದೂ ಕ್ಲಬ್ಬಿನಲ್ಲಿ ಸೀಟು ಸಿಕ್ಕಿದರೆ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿದ್ದವಳು. ಇಲ್ಲಿಗೆ ಬಂದ ಮೇಲೆ ಇಂಟರ್‌ವ್ಯೂಗಳಿಗೆ ಹೋದಾಗಲೆಲ್ಲ, ನಮ್ಮಲ್ಲಿ ಕೆಲಸದ ವೇಳೆ ಬಹಳ ಫ್ಲೆಕ್ಸಿಬಲ್ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಬಗ್ಗಬೇಕಾದವಳು ನಾನು ಎಂದು ಆಮೇಲೆ ತಿಳಿಯುತ್ತಿತ್ತು. ಹೀಗಿರುವಾಗ ಹತ್ತಿರದ ಇನ್‌ಫಂಟ್ ಸ್ಕೂಲೊಂದರ ಜಾಹೀರಾತು ಕಣ್ಣಿಗೆ ಬಿತ್ತು. ಟೀಚಿಂಗ್ ಅಸಿಸ್ಟೆಂಟ್ ಬೇಕಾಗಿದ್ದಾರೆ, ಟರ್ಮ್ ಟೈಮ್ ಓನ್ಲಿ. ಮಕ್ಕಳಿಗೆ ಸ್ಕೂಲಿದ್ದಾಗ ಕೆಲಸ, ಮಕ್ಕಳಿಗೆ ರಜೆಯಾದರೆ ರಜೆ. ಈ ದೇಶದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ಮಾಡುವ ಕೆಲಸವಂತೆ. ಅವರಲ್ಲಿ ಎಷ್ಟೋ ಅಮ್ಮಂದಿರು ಸೇರಿದ್ದು ನನ್ನ ಹಾಗೇ ಮೂರೂಕಾಲರ ಲೆಕ್ಕ ಹಾಕಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಜಾಹೀರಾತಿನಲ್ಲಿ ಸಂಬಳ ದಪ್ಪಕ್ಷರದಲ್ಲಿತ್ತು. ನೋಡಿ ಖುಷಿಪಟ್ಟೆ. ನಮ್ಮನೆಯವರು ಅದರ ಕೆಳಗಿದ್ದ ಸಣ್ಣಕ್ಷರದ ‘ಪ್ರೊ ರೇಟಾ’ಕ್ಕೆ ಬೆರಳಿಟ್ಟು ತೋರಿಸಿದರು. ಅಂದರೆ ದಪ್ಪಕ್ಷರದ ಮೊತ್ತ ವರ್ಷವಿಡೀ ದುಡಿಯುವ ಯಾರೋ ಪುಣ್ಯವಂತರದು. ನಾವು ದುಡಿಯುವುದು 39 ವಾರ. ಅದಕ್ಕೆ ಸಲ್ಲುವಷ್ಟನ್ನು ಕತ್ತರಿಸಿ, 12 ತಿಂಗಳಿಗೆ ಸಮನಾಗಿ ಹಂಚಿ ಕೊಡುತ್ತಾರೆ. ಆಗಸ್ಟಿನಲ್ಲಿ ಮನೆಯಲ್ಲಿ ಕೂತಿದ್ದರೂ ಸಂಬಳ ಬರುತ್ತದಲ್ಲ ಅಂದೆ. ‘ಅದು ಮಾರ್ಚಿನಲ್ಲಿ ನಿನ್ನಿಂದ ಹಿಡಿದುಕೊಂಡದ್ದು’ ಅಂದರು. ಲೆಕ್ಕ ಬಲ್ಲ ಗಂಡ ಇರಬಾರದು.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

‘ಏನೇ ಕೆಲಸ ಅದು?’

‘ಟೀಚಿಂಗ್ ಅಸಿಸ್ಟೆಂಟ್ ಅಮ್ಮ. ಕ್ಲಾಸಲ್ಲಿ ಟೀಚರ್ ಜೊತೆಗಿದ್ದು ಸಹಾಯ ಮಾಡೋದು.’

‘ಅಂಗನವಾಡಿ ಆಯಾ ಮಾಡ್ತಾಳಲ್ಲ, ಅದಾ?’

ಅಂಗನವಾಡಿ ವಿಷಯದಲ್ಲಿ ನಮ್ಮೂರವರ ಜೊತೆ ವಾದಕ್ಕಿಳಿಯುವ ಹಾಗಿಲ್ಲ. 1975ರಲ್ಲಿ ಆ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ತಿರುಮಕೂಡಲು ನರಸೀಪುರಕ್ಕೇ. ‘ಹೆಚ್ಚುಕಮ್ಮಿ ಅದೇ. ಇಲ್ಲಿ ಉಪ್ಪಿಟ್ಟು ಕೆದಕೋ ಕೆಲಸ ಇರಲ್ಲ ಅಷ್ಟೇ’ ಅಂದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋರನ್ನ ನೋಡಿದೀನಿ. ಬಿ.ಇ. ಓದಿಸಿ, ವಿಮಾನ ಹತ್ತಿಸಿ, ಕಂಡವರ ಮಕ್ಕಳ ಸಿಂಬಳ ತೆಗೆಯೋಕೆ ಕಳಿಸಿದೋಳು ನಾನೊಬ್ಬಳೇ ಕಣೇ.’

ಸಿಂಬಳ ತೆಗೆಯುವ ಕೆಲಸಕ್ಕೆ ಎಷ್ಟು ಕಾಗದಪತ್ರ ಬೇಕು ಎಂದು ಅಮ್ಮನಿಗೆ ಹೇಳಿದ್ದರೆ ಗೌರವ ಬರುತ್ತಿತ್ತೋ ಏನೋ. ಡಿ.ಬಿ.ಎಸ್. ಎಂಬ ಪೂರ್ವಾಪರ ತಪಾಸಣೆ, ಭಾರತದಲ್ಲಿ ನಾನು ಸಭ್ಯಳಾಗಿದ್ದೆ ಎಂಬುದಕ್ಕೆ ಪೊಲೀಸ್ ಸರ್ಟಿಫಿಕೇಟು, ಹಳೆಯ ಮ್ಯಾನೇಜರುಗಳಿಂದ ಎರಡು ಪತ್ರ. ಆಮೇಲೆ ಮಕ್ಕಳ ಸುರಕ್ಷತೆಯ ಬಗ್ಗೆ ಸರ್ಕಾರದ ಒಂದು ದೊಡ್ಡ ದಸ್ತಾವೇಜಿದೆ. ಸ್ಕೂಲಿನಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರು ಅದರ ಮೊದಲ ಭಾಗವನ್ನಾದರೂ ಓದಲೇಬೇಕು. ಇಂಟರ್‌ವ್ಯೂನಲ್ಲಿ ಕೇಳಿದ್ದೂ ಅದನ್ನೇ: ಮಗುವೊಂದು ಬಂದು, ನಿಮಗೊಂದು ಗುಟ್ಟು ಹೇಳುತ್ತೇನೆ, ಯಾರಿಗೂ ಹೇಳಬೇಡಿ ಎಂದರೆ ಏನು ಮಾಡುತ್ತೀರಿ? ಹೇಳುವುದಿಲ್ಲ ಎಂದು ಮಾತು ಕೊಡಬಾರದು, ಸ್ಕೂಲಿನಲ್ಲಿ ಮಕ್ಕಳ ಸುರಕ್ಷತೆಯ ಹೊಣೆ ಹೊತ್ತವರಿಗೆ ತಕ್ಷಣ ತಿಳಿಸಬೇಕು. ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳದಿರುವುದೇ ಅರ್ಹತೆಯಾದ ಕೆಲಸ. ನಮ್ಮ ಚಿಕ್ಕಮ್ಮ ಇದ್ದಿದ್ದರೆ ಹೆಡ್ ಟೀಚರೇ ಆಗುತ್ತಿದ್ದರು.

ಇನ್‌ಫಂಟ್ ಕ್ಲಾಸಿನಲ್ಲಿ ಒಬ್ಬ ಟೀಚರಿಗೆ 30ಕ್ಕಿಂತ ಹೆಚ್ಚು ಮಕ್ಕಳಿರಬಾರದು ಎಂದು 1998ರ ಕಾಯಿದೆ. ನಾವು ಓದುವಾಗ ಒಂದು ಬೆಂಚಿಗೆ ಐದು ಜನ ಕೂರುತ್ತಿದ್ದುದರಿಂದ 30 ಎಂದರೆ ನನಗೆ ಅರ್ಧ ರಜೆಯ ದಿನದ ಹಾಜರಿ ಅನ್ನಿಸಿತ್ತು. ಕಾಯಿದೆ ಬರೆದವರು ಮಕ್ಕಳನ್ನು ಎಣಿಸಿದರೇ ಹೊರತು ಝಿಪ್ಪುಗಳನ್ನು ಎಣಿಸಲಿಲ್ಲ. ಜನವರಿಯಲ್ಲಿ ಹದಿನೈದು ನಿಮಿಷದ ಆಟಕ್ಕೆ ಮಕ್ಕಳನ್ನು ಹೊರಗೆ ಬಿಡಬೇಕೆಂದರೆ ಒಂದೊಂದಕ್ಕೂ ಕೋಟು, ಟೋಪಿ, ಎರಡು ಕೈಗವಸು, ಕೆಲವಕ್ಕೆ ಮಂಡಿಯುದ್ದದ ರಬ್ಬರ್ ಬೂಟು. ನಾಲ್ಕೂವರೆ ವರ್ಷದ ಮಗು ಟ್ಯಾಬ್ಲೆಟ್ಟಿನ ಪಾಸ್‌ವರ್ಡ್ ತೆಗೆಯಬಲ್ಲದು, ತನ್ನ ಝಿಪ್ಪಿನ ಎರಡು ತುದಿ ಸೇರಿಸಲಾರದು. ನಾನು ಮಂಡಿಯೂರಿ ಶುರುಮಾಡುತ್ತೇನೆ. ಇಪ್ಪತ್ತನೆಯ ಮಗುವಿನ ಹೊತ್ತಿಗೆ ಮೊದಲನೆಯದಕ್ಕೆ ಸೆಕೆಯಾಗಿ ಬಿಚ್ಚಿರುತ್ತದೆ. ಕೈಗವಸು ಹಾಕಿಸಿದ ಮೇಲೆ ಒಂದಕ್ಕೆ ಒಂದಕ್ಕೆ ಹೋಗಬೇಕಾಗುತ್ತದೆ. (ಕನ್ನಡ ಓದುಗರಿಗೆ ಇದು ಅಚ್ಚಿನ ದೋಷವಲ್ಲ ಎಂದು ಗೊತ್ತಾಗುತ್ತದೆ.) ಎಲ್ಲರೂ ಸಜ್ಜಾಗಿ ಬಾಗಿಲು ತೆಗೆದರೆ ಮಳೆ. ಮಳೆ ಬಂದರೆ ವೆಟ್ ಪ್ಲೇ, ಅಂದರೆ ಅಷ್ಟೂ ಮಕ್ಕಳ ಅಷ್ಟೂ ಆಟ ನಾಲ್ಕು ಗೋಡೆಯ ಒಳಗೆ. ಆಗ ಬಿಚ್ಚುವ ಕಾರ್ಯಕ್ರಮ.

ಬಿದ್ದ ಮಕ್ಕಳ ಚಿಕಿತ್ಸೆ ನನ್ನದೇ ಇಲಾಖೆ. ಇಂಗ್ಲೆಂಡಿನ ಸ್ಕೂಲುಗಳಲ್ಲಿ ಸಕಲ ರೋಗಕ್ಕೂ ಒಂದೇ ಮದ್ದು, ಒದ್ದೆ ಮಾಡಿದ ಪೇಪರ್ ಟವಲ್ಲು. ಮಂಡಿ ತರಚಿದರೆ ಒದ್ದೆ ಟವಲ್ಲು, ಹೊಟ್ಟೆನೋವಿಗೆ ಒದ್ದೆ ಟವಲ್ಲು, ಗೆಳತಿ ಮಾತು ಬಿಟ್ಟರೂ ಒದ್ದೆ ಟವಲ್ಲು. ತಲೆಗೆ ಪೆಟ್ಟಾದರೆ ಮಾತ್ರ ಜೊತೆಗೊಂದು ಚೀಟಿ ಬರೆದು ಮನೆಗೆ ಫೋನ್ ಮಾಡಬೇಕು. ಪಾಪ, ಅವರಿಗೆ ನಮ್ಮ ಮನೆಮದ್ದು ಗೊತ್ತಿಲ್ಲ. ಅಂಗಳದಲ್ಲಿ ಬಿದ್ದು ಅಳುತ್ತಿದ್ದ ಹುಡುಗನನ್ನು ಎತ್ತಿ ನಿಲ್ಲಿಸಿ, ಅಜ್ಜಿ ಕಲಿಸಿದ ಪ್ರಕಾರ ನೆಲಕ್ಕೆ ಪಟಪಟ ಎರಡು ಏಟು ಹಾಕಿ, ‘ನೋಡು, ನಿನ್ನನ್ನ ಬೀಳಿಸಿದ್ದಕ್ಕೆ ಹೊಡೆದೆ’ ಅಂದೆ. ಅಳು ಗಕ್ಕನೆ ನಿಂತಿತು. ಹುಡುಗ ನನ್ನನ್ನೂ ನೆಲವನ್ನೂ ನೋಡಿ, ಗಂಭೀರವಾಗಿ, ‘ಮಿಸ್, ಕೈಂಡ್ ಹ್ಯಾಂಡ್ಸ್’ ಎಂದ. ಯಾರ ಮೇಲೂ ಕೈಮಾಡಬಾರದೆಂಬುದು ಕ್ಲಾಸಿನ ಮೊದಲ ನಿಯಮ. ಗೋಡೆಯ ಮೇಲೆ ಅಂಟಿಸಿದವಳು ನಾನೇ. ನೆಲಕ್ಕೆ ಸಾರಿ ಹೇಳಿಸಿದ ಮೇಲೇ ಅವನು ಆಟಕ್ಕೆ ಹೋದದ್ದು.

ಅಂಟಿಸುವುದರ ಹಿಂದೆಯೂ ಒಂದು ಚರಿತ್ರೆಯಿದೆ. ಟೀಚರುಗಳ ಹೊರೆ ಇಳಿಸಲು 2003ರಲ್ಲಿ ಸರ್ಕಾರಕ್ಕೂ ಹಲವು ಸಂಘಗಳಿಗೂ ಒಪ್ಪಂದವಾಗಿ, ರಾಶಿ ಜೆರಾಕ್ಸ್, ಹಣ ವಸೂಲಿ, ಗೋಡೆಯ ಅಲಂಕಾರ ಮುಂತಾದ ಚಿಲ್ಲರೆ ಕೆಲಸಗಳನ್ನು ಅವರಿಂದ ತೆಗೆದರು. ತೆಗೆದು ಎಲ್ಲಿಟ್ಟರು ಎಂದು ಬಿಡಿಸಿ ಹೇಳಬೇಕಿಲ್ಲ. ಲ್ಯಾಮಿನೇಟ್ ಮಾಡುವ ಯಂತ್ರದ ಮುಂದೆ ನಾನು ಕಳೆದಷ್ಟು ಹೊತ್ತು ದೇವರ ಮುಂದೆ ಕಳೆದಿದ್ದರೆ ಇಷ್ಟು ಹೊತ್ತಿಗೆ ಏನಾದರೂ ದಕ್ಕುತ್ತಿತ್ತು.

ಓದಿಸುವುದು ಮಾತ್ರ ನನಗೆ ನಿಜವಾಗಿ ಇಷ್ಟ. ಇಲ್ಲಿ ಓದು ಶುರುವಾಗುವುದು ಫೋನಿಕ್ಸ್‌ನಿಂದ. ಅಕ್ಷರದ ಹೆಸರು ಆಮೇಲೆ, ಮೊದಲು ಅದರ ಸದ್ದು. ಅದೂ ಶುದ್ಧ ಸದ್ದಾಗಿರಬೇಕು: ‘ಮ’ ಎನ್ನಬಾರದು, ‘ಮ್’ ಎನ್ನಬೇಕು. ತರಬೇತಿಯ ದಿನ ಇಂಗ್ಲಿಷ್ ಸಹೋದ್ಯೋಗಿಗಳು ಆ ಹಿಂದಿನ ಅಕಾರವನ್ನು ಕಿತ್ತೆಸೆಯಲು ಪರದಾಡುತ್ತಿದ್ದರೆ, ಕಾಗುಣಿತ ಒಪ್ಪಿಸಿ ಬೆಳೆದ ನಾನು ಕ್, ಟ್, ಪ್, ಮ್ ಎಂದು ನಿರಾಯಾಸವಾಗಿ ಉದುರಿಸಿ ಎಲ್ಲರ ಮೆಚ್ಚುಗೆ ಗಳಿಸಿದೆ. ಆ ಜಂಭ ‘ವಿ’ ಮತ್ತು ‘ಡಬ್ಲ್ಯು’ ಬರುವ ತನಕ ಇತ್ತು. ನಮಗೆ ಎರಡಕ್ಕೂ ಇರುವುದು ಒಂದೇ ‘ವ’. ಐದು ವರ್ಷದ ಹುಡುಗಿಯೊಬ್ಬಳು ನನ್ನ ಮುಖದ ಮುಂದೆ ತನ್ನ ಮುಖ ತಂದು, ತುಟಿ ಕಚ್ಚಿ ಒಂದು, ತುಟಿ ದುಂಡಗೆ ಮಾಡಿ ಇನ್ನೊಂದು ಎಂದು ತೋರಿಸಿಕೊಟ್ಟಳು. ತೃಪ್ತಿಯಾಗುವವರೆಗೂ ಬಿಡಲಿಲ್ಲ.

ಇಯರ್ ಒನ್ ಮಕ್ಕಳಿಗೆ ಜೂನಿನಲ್ಲಿ ಇದಕ್ಕೊಂದು ಪರೀಕ್ಷೆ, 2012ರಿಂದ ನಡೆದು ಬಂದಿದೆ. 40 ಪದ ಓದಬೇಕು. ಅವುಗಳಲ್ಲಿ 20 ಪದಗಳಿಗೆ ಅರ್ಥವೇ ಇಲ್ಲ. ಪಕ್ಕದಲ್ಲಿ ವಿಚಿತ್ರ ಪ್ರಾಣಿಯ ಚಿತ್ರ ಇರುತ್ತದೆ, ಅದರ ಹೆಸರೆಂದುಕೊಂಡು ಓದಬೇಕು. ಚೆನ್ನಾಗಿ ಓದಲು ಬರುವ ಮಗುವೇ ಇಲ್ಲಿ ಎಡವುವುದು. ‘ಸ್ಟ್ರೋಮ್’ ಎಂದಿದ್ದರೆ, ಅಚ್ಚಿನವರು ತಪ್ಪು ಮಾಡಿದ್ದಾರೆಂದು ಉದಾರವಾಗಿ ತಿದ್ದಿ ‘ಸ್ಟಾರ್ಮ್’ ಎಂದು ಓದಿ, ಅಂಕ ಕಳೆದುಕೊಳ್ಳುತ್ತದೆ. ಅರ್ಥವಿಲ್ಲದ್ದನ್ನು ಇದ್ದ ಹಾಗೇ ಓದುವ ವಿದ್ಯೆ ಮುಂದೆ ಆಫೀಸಿನ ಸುತ್ತೋಲೆ ಓದುವಾಗ ಬೇಕಾಗುತ್ತದೆ ಎಂದು ಯಾರೋ ದೂರಾಲೋಚನೆ ಮಾಡಿರಬೇಕು.

ಇನ್ನು, ಯಾವ ಸಂಸಾರದ ಅನುಕೂಲಕ್ಕೆಂದು ಈ ಕೆಲಸಕ್ಕೆ ಸೇರಿದೆನೋ ಅದರ ಸಮಾಚಾರ. ನಾನು ಸೇರಿದ ವರ್ಷವೇ ಮಗಳು ಇನ್‌ಫಂಟ್ ಮುಗಿಸಿ ಎರಡು ರಸ್ತೆಯಾಚೆಯ ಜೂನಿಯರ್ ಸ್ಕೂಲಿಗೆ ಹೋದಳು. ಇಲ್ಲಿ ಮಕ್ಕಳಿಗೆ 190 ದಿನ ಪಾಠ. ಅದರ ಮೇಲೆ ಐದು ದಿನ ಸಿಬ್ಬಂದಿಗೆ ಮಾತ್ರ ತರಬೇತಿ. 1980ರ ದಶಕದ ಕೊನೆಯಲ್ಲಿ ಕೆನೆತ್ ಬೇಕರ್ ಎಂಬ ಶಿಕ್ಷಣ ಸಚಿವರು ತಂದದ್ದು. ಇನ್‌ಸೆಟ್ ಡೇ ಅನ್ನುತ್ತಾರೆ, ಹಳಬರು ಬೇಕರ್ ಡೇ ಅನ್ನುತ್ತಾರೆ. ಈ ಐದು ದಿನ ಯಾವುವೆಂದು ಆಯಾ ಸ್ಕೂಲೇ ಗೊತ್ತುಮಾಡಿಕೊಳ್ಳುತ್ತದೆ. ನಮ್ಮ ಸ್ಕೂಲಿನದು ಸೋಮವಾರವಾದರೆ ಅವಳದು ಶುಕ್ರವಾರ. ಅವಳ ಇನ್‌ಸೆಟ್ಟಿಗೆ ಅವಳು ಮನೆಯಲ್ಲಿ, ನಾನು ಸ್ಕೂಲಿನಲ್ಲಿ. ನಮ್ಮ ಇನ್‌ಸೆಟ್ಟಿಗೆ ನಮ್ಮ ಮಕ್ಕಳೆಲ್ಲ ಮನೆಯಲ್ಲಿ, ಅವಳು ಸ್ಕೂಲಿನಲ್ಲಿ, ನಾನು ಆಗಲೂ ಸ್ಕೂಲಿನಲ್ಲೇ.

ಮೂರೂಕಾಲಿಗೆ ನಾನು ಬಾಗಿಲಲ್ಲಿ ನಿಂತು, ಬಂದವರ ಮುಖ ನೋಡಿ, ಒಂದೊಂದೇ ಮಗುವನ್ನು ಹೆಣ್ಣೊಪ್ಪಿಸುವ ಶಾಸ್ತ್ರದ ಹಾಗೆ ಅವರವರ ಮನೆಯವರ ಕೈಗೆ ಕೊಡಬೇಕು. ಒಂದು ಮಗುವಿನ ಅಮ್ಮ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೂ ನಾನಲ್ಲೇ. ಎರಡು ರಸ್ತೆಯಾಚೆ ನನ್ನ ಮಗಳು ಸ್ಕೂಲಿನ ಆಫೀಸಿನ ಕುರ್ಚಿಯಲ್ಲಿ ಕಾಲು ಆಡಿಸುತ್ತ ಕೂತಿರುತ್ತಾಳೆ. ಡಿಸೆಂಬರಿನಲ್ಲಿ ಅವಳ ಕ್ಯಾರಲ್ ಹಾಡುಗಳು ಮಧ್ಯಾಹ್ನ ಎರಡಕ್ಕೆ. ಅದೇ ಎರಡಕ್ಕೆ ನಮ್ಮಲ್ಲಿ ನೇಟಿವಿಟಿ ನಾಟಕ. ಬೆತ್ಲೆಹೆಮಿನ ದನದ ಕೊಟ್ಟಿಗೆಯಲ್ಲಿ ಅಳುವ ಕುರಿಯೊಂದಕ್ಕೆ ಕಿವಿ ಸಿಕ್ಕಿಸುತ್ತಿದ್ದೆ. ಆ ಕುರಿಯ ಅಮ್ಮ ಮುಂದಿನ ಸಾಲಿನಲ್ಲಿದ್ದರು. ಅವರ ಆಫೀಸು ಫ್ಲೆಕ್ಸಿಬಲ್ಲಂತೆ.

ರಜೆಗಳ ವಿಷಯಕ್ಕೆ ಬಂದರೆ, ಟರ್ಮಿನ ನಡುವೆ ರಜೆ ಕೇಳುವ ಹಾಗಿಲ್ಲ. ಬೇಸಿಗೆ ರಜೆ ಸಿಗುವುದು ಜುಲೈ ಕೊನೆಗೆ. ದುಪ್ಪಟ್ಟು ದರ ತೆತ್ತು ದೇವನಹಳ್ಳಿಯಲ್ಲಿ ಇಳಿದರೆ ಊರಿನಲ್ಲಿ ಎಷ್ಟೋ ವರ್ಷ ಇನ್ನೂ ಆಷಾಢ. ಕ್ರಿಸ್‌ಮಸ್ ರಜೆಗೆ ಹೋದರೆ ಧನುರ್ಮಾಸ. ಮದುವೆ, ಮುಂಜಿ, ಗೃಹಪ್ರವೇಶ, ಒಂದೂ ಇಲ್ಲದ ಎರಡು ತಿಂಗಳನ್ನು ಇಂಗ್ಲೆಂಡಿನವರು ಪಂಚಾಂಗ ನೋಡಿಯೇ ಆರಿಸಿದಂತಿದೆ. ರೇಷ್ಮೆ ಸೀರೆಗಳು ಸೂಟ್‌ಕೇಸಿನಲ್ಲಿ ಹೋಗಿ ಸೂಟ್‌ಕೇಸಿನಲ್ಲೇ ಬರುತ್ತವೆ. ನನ್ನ ಪಾಲಿಗೆ ಬರುವುದು ಆಷಾಢ ಶುಕ್ರವಾರದ ಚಾಮುಂಡಿಬೆಟ್ಟದ ಕ್ಯೂ, ಇಲ್ಲವೇ ಚಳಿಯಲ್ಲಿ ಎದ್ದು ತಿನ್ನುವ ಹುಗ್ಗಿ. ಮಾಘಮಾಸದಲ್ಲಿ ಚಿಕ್ಕಪ್ಪನ ಮಗನ ಧಾರೆಯನ್ನು ಇಲ್ಲಿಯ ಬೆಳಗಿನ ಐದೂಕಾಲಿಗೆ ಫೋನಿನಲ್ಲಿ ನೋಡಿದೆ. ಅಲ್ಲಿ ಎಲೆ ಹಾಕಿ ಹೋಳಿಗೆ ಬಡಿಸುವ ಹೊತ್ತಿಗೆ ನಾನು ಲ್ಯಾನ್‌ಯಾರ್ಡ್ ಕೊರಳಿಗೆ ಹಾಕಿಕೊಳ್ಳುತ್ತಿದ್ದೆ.

ಈಗ ಮಗಳ ಸ್ಕೂಲಿನಲ್ಲೇ ಟೀಚಿಂಗ್ ಅಸಿಸ್ಟೆಂಟ್ ಹುದ್ದೆ ಖಾಲಿಯಿದೆ. ಇನ್‌ಸೆಟ್ ಒಂದೇ ದಿನ, ಕ್ಯಾರಲ್ ಒಂದೇ ಕಡೆ, ಆಫೀಸಿನ ಕುರ್ಚಿಯಲ್ಲಿ ಯಾರೂ ಕಾಯಬೇಕಿಲ್ಲ. ಸಂತೋಷಪಡುತ್ತಾಳೆಂದು ಊಟದ ಹೊತ್ತಿನಲ್ಲಿ ಹೇಳಿದೆ. ಅವಳು ಚಪಾತಿ ಕೆಳಗಿಟ್ಟು ಯೋಚಿಸಿದಳು.

‘ಬಾ ಅಮ್ಮ. ಆದ್ರೆ ನನ್ನ ಕ್ಲಾಸಿಗೆ ಬೇಡ. ಇಯರ್ ಸಿಕ್ಸ್‌ಗೆ ಹೋಗು.’

‘ಸರಿ.’

‘ಪ್ಲೇಗ್ರೌಂಡಲ್ಲಿ ನನ್ನನ್ನ ಪುಟ್ಟಿ ಅಂತ ಕರೀಬಾರದು.’

‘ಆಯ್ತು.’

‘ಚಳಿ ಇದ್ರೂ ನನ್ನ ಝಿಪ್ ಹಾಕೋಕೆ ಬರಬಾರದು.’

ಅರ್ಜಿಗೆ ಮುಂದಿನ ಶುಕ್ರವಾರ ಕೊನೆಯ ದಿನ. ಮೂರನೆಯ ಷರತ್ತಿನ ಮೇಲೆ ಮಾತುಕತೆ ಇನ್ನೂ ನಡೆದಿದೆ.